ಕೇಳಿದ ಮೇಲೆ ಏನು ಮಾಡುತ್ತೀರಿ? ಶಾಲೆಯ ನೆಮ್ಮದಿಯ ಲೆಕ್ಕ
(ಹೊಳಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಶರಣರ ಮೇಲೆ, ಜನಪದದ ಮೇಲೆ, ಬಹಳವಾದರೆ ಏಕೀಕರಣದ ಮೇಲೆ ಇರುತ್ತದೆ. ಈ ಸಲ ಶಾಲೆಯ ವಿಷಯವೇ ಇರಲಿ ಎಂದು ಸಂಘಟಕರು ಹೇಳಿದರು. ಮೇಷ್ಟ್ರಾಗಿ, ಆಮೇಲೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ, ಅಂದರೆ ಸಿಆರ್‌ಪಿಯಾಗಿ ಇದೇ ಸೀಮೆಯಲ್ಲಿ ಓಡಾಡಿದ ನನಗೆ ಅದು ಅನುಕೂಲವೇ ಆಯಿತು. ನಮ್ಮ ಶಾಲೆಗಳಲ್ಲಿ ಮಕ್ಕಳೂ ಮಾಸ್ತರರೂ ನೆಮ್ಮದಿಯಿಂದ ಇದ್ದಾರೆಯೇ, ಅದನ್ನು ಅಳೆಯಲು ಬರುತ್ತದೆಯೇ, ಅಳೆದ ಮೇಲೆ ಏನು ಮಾಡಬೇಕು ಎಂಬುದು ಇವತ್ತಿನ ವಿಷಯ. ಮೊದಲೆರಡು ಪ್ರಶ್ನೆಗಳ ಮೇಲೆ ಜಗತ್ತಿನಲ್ಲಿ ಬೇಕಾದಷ್ಟು ಪುಸ್ತಕಗಳಿವೆ. ಮೂರನೆಯದನ್ನು ಕೇಳುವವರು ಕಡಿಮೆ. ನಾನು ಅದನ್ನೇ ಹಿಡಿದು ಮಾತನಾಡುತ್ತೇನೆ.

ಮನಸ್ಸಿನ ಆರೋಗ್ಯವನ್ನು ಲೆಕ್ಕ ಹಾಕುವುದು ಇತ್ತೀಚಿನ ಫ್ಯಾಷನ್, ಹೊರದೇಶದಿಂದ ಬಂದದ್ದು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದರ ಒಂದು ಬೇರು ನಮ್ಮ ಮನೆಯಂಗಳದಲ್ಲೇ ಇದೆ. ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಶುರು ಮಾಡಿದ್ದು 1982ರಲ್ಲಿ. ಕಾಗದದ ಮೇಲಿದ್ದ ಆ ಕಾರ್ಯಕ್ರಮ ಒಂದು ಇಡೀ ಜಿಲ್ಲೆಯಲ್ಲಿ ನಡೆದೀತೇ ಎಂದು ನೋಡಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ಆ ಪ್ರಯೋಗ ನಡೆಯಿತು. ಆಗ ನಮ್ಮ ಈ ವಿಜಯನಗರ ಜಿಲ್ಲೆ ಇರಲಿಲ್ಲ, ಇದೂ ಬಳ್ಳಾರಿಯೇ. ಹರಪನಹಳ್ಳಿ ಇನ್ನೂ ದಾವಣಗೆರೆಗೆ ಹೋಗಿರಲಿಲ್ಲ, ಅದು ಹೋದದ್ದು 1997ರಲ್ಲಿ. ಕೊಟ್ಟೂರು ಕೂಡ್ಲಿಗಿಯ ಹೊಟ್ಟೆಯೊಳಗಿತ್ತು. ಅಂದರೆ ಇವತ್ತು ಈ ಸಭೆಗೆ ಬಂದಿರುವ ಎಲ್ಲ ತಾಲ್ಲೂಕುಗಳ ಊರುಗಳು ಆ ಪ್ರಯೋಗದ ನೆಲವೇ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದಲ್ಲಿ ಆರಂಭಿಸಿದಾಗ ಮುಂದಿಟ್ಟುಕೊಂಡದ್ದು ಇದೇ ಅನುಭವವನ್ನು. ಮನೋವೈದ್ಯರ ಪುಸ್ತಕಗಳಲ್ಲಿ ಇವತ್ತಿಗೂ ಅದರ ಹೆಸರು 'ಬಳ್ಳಾರಿ ಮಾದರಿ'. ಗಣಿಯ ಕಾರಣಕ್ಕೆ ಬಳ್ಳಾರಿಯ ಹೆಸರು ಕೇಳಿ ಕೇಳಿ ಬೇಸತ್ತವರಿಗೆ ಇದೊಂದು ಸಮಾಧಾನದ ಸುದ್ದಿ.

ಆ ಪ್ರಯೋಗದಲ್ಲಿ ಮಾಡಿದ್ದೇನು? ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ಇದ್ದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಊರೂರು ತಿರುಗುವ ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟರು. ಮೂರ್ಛೆ ರೋಗ, ಬುದ್ಧಿಭ್ರಮಣೆ, ಖಿನ್ನತೆ, ಬುದ್ಧಿಮಾಂದ್ಯ ಇವನ್ನು ಗುರುತಿಸುವುದು ಹೇಗೆ, ಯಾರನ್ನು ಮುಂದಕ್ಕೆ ಕಳಿಸಬೇಕು ಎಂದು ಕಲಿಸಿದರು. ಬೇಕಾದ ನಾಲ್ಕಾರು ಔಷಧಿ ಕೇಂದ್ರದಲ್ಲೇ ಸಿಗುವಂತೆ ಮಾಡಿದರು. ದಾಖಲೆಯನ್ನು ಸರಳ ಮಾಡಿ, ತಿಂಗಳಿಗೊಮ್ಮೆ ಕೂತು ನೋಡಿದರು. ಇಲ್ಲಿ ನನ್ನ ಗಮನ ಸೆಳೆದದ್ದು ಒಂದು ಜೋಡಣೆ. ರೋಗಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಕೇಂದ್ರದಲ್ಲೇ ಮಾತ್ರೆಯೂ ಇತ್ತು. ಫಿಟ್ಸ್ ಬರುವ ಹುಡುಗ ಎಂದು ಪುಸ್ತಕದಲ್ಲಿ ಬರೆದುಕೊಂಡು, ಬರೆದದ್ದನ್ನು ಮೇಲಕ್ಕೆ ಕಳಿಸಿ, ಮೇಲಿನವರು ಅದನ್ನು ಕೂಡಿಸಿ ಶೇಕಡಾ ತೆಗೆದು ವರದಿ ಮಾಡಿ ಮುಗಿಸಿದ್ದರೆ ಆ ಹುಡುಗ ಮರಳಿ ಶಾಲೆಗೆ ಬರುತ್ತಿರಲಿಲ್ಲ. ಎಣಿಸುವ ಕೈಗೂ ಮದ್ದು ಕೊಡುವ ಕೈಗೂ ನಡುವೆ ದೂರ ಇರಲಿಲ್ಲ ಎಂಬುದೇ ಬಳ್ಳಾರಿ ಮಾದರಿಯ ಜೀವ. ಶಾಲೆಯ ನೆಮ್ಮದಿಯ ಯಾವ ಅಳತೆ ಬಂದರೂ ನಾನು ಈ ಒಂದು ಪರೀಕ್ಷೆಗೆ ಒಡ್ಡಿ ನೋಡುತ್ತೇನೆ.

ಇವತ್ತು ಶಾಲೆಯಲ್ಲಿ ಅಳತೆಗೇನು ಬರವಿಲ್ಲ. ಮಗುವಿನ ಎತ್ತರ, ತೂಕ, ಕಣ್ಣು, ಹಲ್ಲು ಎಲ್ಲ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿದೆ. ಹಾಜರಿ, ಅಂಕ, ಆಧಾರ್, ಜಾತಿ, ಬ್ಯಾಂಕ್ ಖಾತೆ ವಿದ್ಯಾರ್ಥಿಗಳ ದಾಖಲೆಯಾದ ಸ್ಯಾಟ್ಸ್‌ನಲ್ಲಿದೆ. ಶೌಚಾಲಯ ಎಷ್ಟು, ನಲ್ಲಿ ಎಷ್ಟು, ಇಳಿಜಾರು ಇದೆಯೋ ಇಲ್ಲವೋ ಶಾಲೆಗಳ ದಾಖಲೆಯಾದ ಯು-ಡೈಸ್‌ನಲ್ಲಿದೆ. ಕ್ಷೀರಭಾಗ್ಯದ ಹಾಲು ಕುಡಿದವರೆಷ್ಟು, ಮೊಟ್ಟೆ ತಿಂದವರೆಷ್ಟು, ಮೊಟ್ಟೆ ಬೇಡವೆಂದು ಬಾಳೆಹಣ್ಣು ತಿಂದವರೆಷ್ಟು, ಇದೆಲ್ಲ ದಿನದಿನ ಮೊಬೈಲ್‌ನಲ್ಲಿ ಹೋಗುತ್ತದೆ. ಇವುಗಳಲ್ಲಿ ಕೆಲವು ಒಳ್ಳೆಯ ಅಳತೆಗಳು ಎಂದು ನಾನು ಒಪ್ಪುತ್ತೇನೆ. ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದೇ ಬಳ್ಳಾರಿಯೂ ಸೇರಿದ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡಲು ಆರಂಭಿಸಿದ್ದೂ ಕಲ್ಯಾಣ ಕರ್ನಾಟಕದ ಕಡೆಯಿಂದಲೇ. ಮಠ, ಮಂದಿರ, ಟಿವಿ ಎಲ್ಲ ಸೇರಿ ಎಷ್ಟು ಗದ್ದಲವಾಯಿತು ಎಂಬುದು ನೆನಪಿರಬಹುದು. ಆ ಗದ್ದಲದ ನಡುವೆ ಮೊಟ್ಟೆಯ ಪರ ನಿಂತ ಗಟ್ಟಿ ಸಾಕ್ಷಿ ಮಕ್ಕಳ ತೂಕದ ಲೆಕ್ಕ. ತೂಕ ಕಡಿಮೆ ಎಂದು ಗೊತ್ತಾದ ಮಗುವಿನ ತಟ್ಟೆಗೇ ಮೊಟ್ಟೆ ಬಂತು. ಇಲ್ಲಿ ಅಳತೆಯೂ ಪರಿಹಾರವೂ ಒಂದೇ ಅಡುಗೆಮನೆಯಲ್ಲಿದ್ದವು.

ಮನಸ್ಸಿನ ಮಾತು ಬಂದಾಗ ಹೀಗೆ ಸಲೀಸಾಗಿ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪಿನ ಕಚೇರಿ 1998ರಲ್ಲಿ ಐದೇ ಪ್ರಶ್ನೆಗಳ ಒಂದು ಪಟ್ಟಿ ಹೊರತಂದಿತು. ಡಬ್ಲ್ಯುಎಚ್‌ಒ-5 ಎಂದು ಅದರ ಹೆಸರು. ಕಳೆದ ಎರಡು ವಾರದಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ಶಾಂತವಾಗಿತ್ತೇ, ಮೈಯಲ್ಲಿ ಚುರುಕು ಇತ್ತೇ, ಬೆಳಿಗ್ಗೆ ಎದ್ದಾಗ ವಿಶ್ರಾಂತಿ ಆಗಿದೆ ಅನ್ನಿಸಿತೇ, ದಿನದ ಬದುಕಿನಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿ ಇದ್ದವೇ ಎಂದು ಕೇಳುತ್ತದೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟು 25, ಅದನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಎಂದು ಸಿಗುತ್ತದೆ. 50ಕ್ಕಿಂತ ಕೆಳಗೆ ಬಂದವರನ್ನು ಕರೆದು ಮಾತನಾಡಿಸಿ ಎನ್ನುತ್ತಾರೆ. ಚಿಕ್ಕದು, ಚೊಕ್ಕದು, ಖರ್ಚಿಲ್ಲದ್ದು. ಎಷ್ಟೋ ದೇಶಗಳಲ್ಲಿ ಬಳಸಿ ನೋಡಿ ಸೈ ಎನಿಸಿಕೊಂಡದ್ದು. ನನಗೂ ಅದರ ಮೇಲೆ ಗೌರವವಿದೆ.

ಈ ಪಟ್ಟಿಯನ್ನು ಮಾರ್ಚ್ ತಿಂಗಳಲ್ಲಿ ಹಡಗಲಿ ಸುತ್ತಿನ ಒಂದು ಶಾಲೆಗೆ ತಂದು ನೋಡಿ. ಮಲ್ಲಿಗೆಯ ಹಂಗಾಮು. ಮೊಗ್ಗು ಅರಳುವ ಮೊದಲೇ ಬಿಡಿಸಿ ಬಸ್ಸಿಗೆ ಏರಿಸಬೇಕು. ಮಲ್ಲಿಗೆ ತೋಟವಿರುವ ಮನೆಯ ಮಕ್ಕಳು ನಸುಕಿನಲ್ಲೇ ಎದ್ದು, ಟಾರ್ಚ್ ಹಿಡಿದು, ತಾಯಿಯ ಜೊತೆ ಸಾಲು ಹಿಡಿಯುತ್ತಾರೆ. ಬಿಡಿಸಿದ ಮೊಗ್ಗು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕೊಟ್ಟು, ಸ್ನಾನ ಮಾಡಿ, ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರಬೇಕು. ನಿಮ್ಮ ಹೊಳಲಿನಲ್ಲಿ ಹಾಯಾಗಿ ಮಲಗಿರುವ ಭಾಗ್ಯ ಇರುವುದು ಗುಡಿಯಲ್ಲಿರುವ ಅನಂತಶಯನನಿಗೆ ಮಾತ್ರ. ಎದ್ದಾಗ ವಿಶ್ರಾಂತಿ ಆಗಿತ್ತೇ ಎಂದು ಆ ಹುಡುಗಿಯನ್ನು ಕೇಳಿದರೆ ಸೊನ್ನೆ ಬರುತ್ತದೆ. ಆ ಸೊನ್ನೆ ಅವಳ ಮನಸ್ಸಿನದೋ ಮಲ್ಲಿಗೆಯ ದರದ್ದೋ? ಅವಳನ್ನು ಕರೆದು ಆಪ್ತಸಮಾಲೋಚನೆ ಮಾಡುವುದಕ್ಕಿಂತ ಮೊದಲ ಪೀರಿಯಡ್ಡಿನಲ್ಲಿ ಗಣಿತ ಬೇಡ ಎಂದು ವೇಳಾಪಟ್ಟಿ ಬದಲಿಸುವುದು ಮೇಲು. ಅದೇ ತಿಂಗಳಲ್ಲಿ ಪರೀಕ್ಷೆಯೂ ಬರುತ್ತದೆ ಎಂಬುದು ನಮ್ಮ ಮಕ್ಕಳ ಇನ್ನೊಂದು ಅದೃಷ್ಟ.

ಇನ್ನು ಮಕ್ಕಳು ಕೊಡುವ ಉತ್ತರ. 'ಹೇಗಿದ್ದೀಯಪ್ಪ?' ಎಂದು ದೊಡ್ಡವರು ಕೇಳಿದರೆ ನಮ್ಮ ಕಡೆ ಮಗು ಕೊಡುವ ಉತ್ತರ ಒಂದೇ: 'ಆರಾಮ ಅದೀನ್ರಿ ಸರ್.' ಅದು ಸುಳ್ಳಲ್ಲ, ಅದು ಮರ್ಯಾದೆ. ಕೇಳುವವರು ಹೊರಗಿನಿಂದ ಬಂದವರಾದರೆ, ಪಕ್ಕದಲ್ಲಿ ಹೆಡ್‌ಮಾಸ್ತರರು ನಿಂತಿದ್ದರೆ, ಮರ್ಯಾದೆ ಇನ್ನೂ ಹೆಚ್ಚು.

ಎನ್‌ಸಿಇಆರ್‌ಟಿ 2022ರ ಜನವರಿಯಿಂದ ಮಾರ್ಚ್‌ವರೆಗೆ ದೇಶದಾದ್ಯಂತ 6ರಿಂದ 12ನೇ ತರಗತಿಯ ಸುಮಾರು 3.79 ಲಕ್ಷ ಮಕ್ಕಳನ್ನು ಮಾತನಾಡಿಸಿತು. ಕೊರೊನಾ ಇನ್ನೂ ಪೂರ್ತಿ ಹೋಗಿರದ ಕಾಲ, ಹಾಗಾಗಿ ತುಂಬ ಅಗತ್ಯವಾಗಿದ್ದ ಸಮೀಕ್ಷೆ. ಶಾಲಾ ಜೀವನ ತೃಪ್ತಿ ತಂದಿದೆ ಎಂದವರು ಶೇ. 73. ಆತಂಕಕ್ಕೆ ಕಾರಣವೇನೆಂದರೆ ಓದು, ಪರೀಕ್ಷೆ, ಫಲಿತಾಂಶ ಎಂದವರು ಶೇ. 81. ಎರಡೂ ಒಂದೇ ವರದಿಯಲ್ಲಿವೆ. ಮೈಲಾರದ ಕಾರ್ಣಿಕ ನೋಡಿದವರು ನೀವು. ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದು ಕೂಗಿ ಒಂದೇ ಮಾತು ನುಡಿದು ಬೀಳುತ್ತಾನೆ. ಆ ಒಂದು ಮಾತಿನಲ್ಲಿ ರೈತನಿಗೆ ಮಳೆ ಕಾಣುತ್ತದೆ, ವ್ಯಾಪಾರಿಗೆ ದರ ಕಾಣುತ್ತದೆ, ರಾಜಕಾರಣಿಗೆ ಕುರ್ಚಿ ಕಾಣುತ್ತದೆ. ಶೇಕಡಾ ಲೆಕ್ಕವೂ ಹಾಗೇ. ಮಂತ್ರಿಗಳು 73 ಎತ್ತಿಕೊಳ್ಳುತ್ತಾರೆ, ಪತ್ರಿಕೆಯವರು 81 ಎತ್ತಿಕೊಳ್ಳುತ್ತಾರೆ. ಹೊಳಲಿನ ಯಾವ ಮಗುವಿಗೆ ಏನಾಗಿದೆ ಎಂಬುದು ಅದರಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ದೇಶದ ಸಮೀಕ್ಷೆ ದೇಶಕ್ಕೆ ಬೇಕು, ಅನುದಾನ ಬಿಡುಗಡೆಗೆ ಬೇಕು. ಶಾಲೆಗೆ ಬೇಕಾದದ್ದು ಬೇರೆ.

ಶಾಲೆಗೆ ಬೇಕಾದದ್ದು ಎಂಥದು ಎಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಸಿಆರ್‌ಪಿ ಆಗಿದ್ದಾಗ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 7ನೇ ತರಗತಿಗೆ ಸಮಾಜ ವಿಜ್ಞಾನದ ನಕ್ಷೆ ಪಾಠ ನಡೆಯುತ್ತಿತ್ತು. ನಿಮ್ಮ ಶಾಲೆಯ ನಕ್ಷೆಯನ್ನೇ ಬರೆಯಿರಿ ಎಂದೆವು. ಕೊಠಡಿ, ಅಡುಗೆಮನೆ, ಬೇವಿನ ಮರ, ಧ್ವಜಸ್ತಂಭ, ನೀರಿನ ಟ್ಯಾಂಕು ಎಲ್ಲ ಬಂದವು. ಆಮೇಲೆ, ಹೋಗಲು ಇಷ್ಟವಿರುವ ಜಾಗಕ್ಕೆ ಹಸಿರು ಬಣ್ಣ, ಇಷ್ಟವಿಲ್ಲದ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ, ಹೆಸರು ಬರೆಯಬೇಡಿ ಎಂದೆವು. ಹಾಳೆ ಕೂಡಿಸಿ ಮೇಜಿನ ಮೇಲೆ ಹರಡಿದರೆ ಹುಡುಗಿಯರ ಶೌಚಾಲಯ ಹಾಳೆಹಾಳೆಗೂ ಕೆಂಪು. ಹೋಗಿ ನೋಡಿದರೆ ಒಳಗಿನ ಚಿಲಕ ಕಿತ್ತು ಹೋಗಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಅದಕ್ಕೇ ಅವರು ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಯು-ಡೈಸ್‌ನಲ್ಲಿ ಆ ಶಾಲೆಗೆ 'ಬಾಲಕಿಯರ ಶೌಚಾಲಯ: ಇದೆ' ಎಂದೇ ಇತ್ತು, ಸುಳ್ಳೂ ಅಲ್ಲ. ಊರಿನ ಬಡಗಿ ಅವತ್ತೇ ಚಿಲಕ ಹಾಕಿ ಹೋದ.

ಅದೇ ಕಟ್ಟಿನಲ್ಲಿ ಇನ್ನೂ ಎರಡು ಹಾಳೆ ಇದ್ದವು. ಒಂದರಲ್ಲಿ ಆಫೀಸು ಕೊಠಡಿಯ ಮುಂದಿನ ಪಡಸಾಲೆ ಕೆಂಪು. ಕಾರಣ ಎಲ್ಲರಿಗೂ ಗೊತ್ತು, ಅಲ್ಲಿ ಮೊಣಕಾಲೂರಿಸಿ ಕೂಡಿಸುತ್ತಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ ಎಂದು ಅಲ್ಲಿನ ಗೋಡೆಯ ಮೇಲೇ ಬರೆಸಿತ್ತು. ಇನ್ನೊಂದು ಹಾಳೆಯಲ್ಲಿ ತರಗತಿಯೊಳಗೆ ಒಂದೇ ಒಂದು ಬೆಂಚು ಕೆಂಪು. ಅದು ಯಾರ ಹಾಳೆ, ಆ ಬೆಂಚಿನಲ್ಲಿ ಯಾರ ಪಕ್ಕ ಯಾರು ಕೂಡುತ್ತಾರೆ, ಏನು ನಡೆಯುತ್ತದೆ ಎಂದು ತರಗತಿಯ ಮೇಡಂ ಸದ್ದಿಲ್ಲದೆ ಒಂದು ವಾರ ಗಮನಿಸಿ, ಕೂಡುವ ಜಾಗ ಎಲ್ಲರದ್ದೂ ಬದಲಿಸಿದರು. ಯಾರನ್ನೂ ಎದ್ದು ನಿಲ್ಲಿಸಲಿಲ್ಲ. ಈ ಮೂರೂ ಉತ್ತರಗಳಿಗೆ ಮದ್ದು ಶಾಲೆಯ ಕೈಯಲ್ಲೇ ಇತ್ತು. ಆದ್ದರಿಂದ ಕೇಳಿದ್ದು ಸಾರ್ಥಕವಾಯಿತು. 'ನೀನು ಸಂತೋಷವಾಗಿದ್ದೀಯಾ' ಎಂದು ಕೇಳಿದ್ದರೆ ಮೂವತ್ತು ಜನ 'ಹೌದ್ರಿ' ಎಂದು ಬರೆಯುತ್ತಿದ್ದರು.

ಕೆಲವು ಪ್ರಶ್ನೆಗಳನ್ನು ಕೇಳುವುದೇ ನೋವು. ನಮ್ಮ ಈ ತಾಲ್ಲೂಕುಗಳಲ್ಲಿ ದೇವದಾಸಿ ತಾಯಂದಿರ ಮಕ್ಕಳಿದ್ದಾರೆ ಎಂಬುದು ಮುಚ್ಚಿಡುವ ವಿಷಯವಲ್ಲ. ದಾಖಲಾತಿ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಜಾತಿ ಪ್ರಮಾಣಪತ್ರ, ಪ್ರತಿಯೊಂದರಲ್ಲೂ 'ತಂದೆಯ ಹೆಸರು' ಎಂಬ ಕಾಲಂ ಬಂದಾಗ ಆ ಮಗು ತರಗತಿಯ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ಇಲ್ಲಿರುವ ಹಿರಿಯ ಶಿಕ್ಷಕರು ಕಂಡಿದ್ದೀರಿ. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. 2025ರಲ್ಲಿ ವಿಧಾನಮಂಡಲ ಅದಕ್ಕೆ ಬದಲಾಗಿ ಹೊಸ ಮಸೂದೆ ಅಂಗೀಕರಿಸಿ, ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯವನ್ನು ತೆಗೆಯಿತು. ಆ ತಾಯಂದಿರೂ ಅವರ ಮಕ್ಕಳೂ ವರ್ಷಗಟ್ಟಲೆ ಹೋರಾಡಿದ ಫಲ ಅದು. ಒಂದು ಕಾಲಂ ಖಾಲಿ ಬಿಡುವ ಹಕ್ಕು ಆ ಮಗುವಿನ ನೆಮ್ಮದಿಗೆ ಮಾಡುವಷ್ಟನ್ನು ಹತ್ತು ಪುಟದ ಮನೋವೈಜ್ಞಾನಿಕ ಪ್ರಶ್ನಾವಳಿ ಮಾಡಲಾರದು. ಗುಳೆ ಹೋಗುವ ತಾಂಡಾಗಳ ಮಕ್ಕಳ ವಿಷಯವೂ ಅಷ್ಟೆ. ದೀಪಾವಳಿಯಾದ ಮೇಲೆ ತಂದೆ ತಾಯಿ ಕಾಫಿ ತೋಟಕ್ಕೋ, ಕಬ್ಬು ಕಡಿಯಲೋ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋಗಿ, ಮಗು ಅಜ್ಜಿಯ ಹತ್ತಿರ ಉಳಿದಿರುತ್ತದೆ. 'ಮನೆಯಲ್ಲಿ ನಿನ್ನ ಕಷ್ಟಸುಖ ಯಾರ ಹತ್ತಿರ ಹೇಳಿಕೊಳ್ಳುತ್ತೀ?' ಎಂದು ಆ ಮಗುವನ್ನು ಕೇಳಿ ಟಿಕ್ ಹಾಕಿಸಿಕೊಂಡು ಹೋಗುವವರಿಗೆ ನಾನು ಶಾಲೆಯ ಗೇಟು ತೆಗೆಯಬೇಡಿ ಎನ್ನುತ್ತೇನೆ. ಕೇಳುವುದಾದರೆ, ಸಂಜೆ ಆ ಅಜ್ಜಿಯ ಮನೆಗೆ ಹೋಗಿ ಬರುವವರು ಕೇಳಲಿ.

ಈಗ ಮಾಸ್ತರರ ಕಡೆ ಬರುತ್ತೇನೆ. ಮುಂದಿನ ಸಾಲಿನವರು ಸ್ವಲ್ಪ ನೆಟ್ಟಗೆ ಕೂತದ್ದು ಕಾಣುತ್ತಿದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು, ಈವಾ ಓಬರ್ಲೆ ಮತ್ತು ಕಿಂಬರ್ಲಿ ಷೋನರ್ಟ್-ರೈಕಲ್, 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 17 ತರಗತಿಗಳ 406 ಮಕ್ಕಳ ಜೊಲ್ಲಿನ ಮಾದರಿ ತೆಗೆದು ಅದರಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಎಷ್ಟಿದೆ ಎಂದು ನೋಡಿದರು. ಶಿಕ್ಷಕರು ದಣಿದು ಬಸವಳಿದ ತರಗತಿಗಳಲ್ಲಿ ಮಕ್ಕಳ ಬೆಳಗಿನ ಕಾರ್ಟಿಸೋಲೂ ಹೆಚ್ಚಿತ್ತು. ಮಾಸ್ತರರ ದಣಿವು ಮಕ್ಕಳಿಗೆ ಹರಡಿತೋ, ಕಷ್ಟದ ಮಕ್ಕಳಿಂದ ಮಾಸ್ತರರು ದಣಿದರೋ ಎಂದು ಆ ಅಧ್ಯಯನ ಖಚಿತವಾಗಿ ಹೇಳುವುದಿಲ್ಲ, ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಇಬ್ಬರ ನೆಮ್ಮದಿಯನ್ನು ಬೇರೆ ಬೇರೆ ಕಡತದಲ್ಲಿ ಇಡಲಾಗದು ಎಂಬುದಕ್ಕೆ ಅಷ್ಟು ಸಾಕು.

ನಮ್ಮ ಮಾಸ್ತರರ ದಣಿವಿಗೆ ಜೊಲ್ಲು ಪರೀಕ್ಷೆ ಬೇಡ, ಅದು ರೂಪಾಯಿ ಪೈಸೆಯಲ್ಲೇ ಸಿಗುತ್ತದೆ. ಮೊಟ್ಟೆಯನ್ನೇ ತೆಗೆದುಕೊಳ್ಳಿ. ಒಂದು ಮೊಟ್ಟೆಗೆ ಕೊಟ್ಟದ್ದು 6 ರೂಪಾಯಿ. ಅದರಲ್ಲೇ ಖರೀದಿ, ಅದರಲ್ಲೇ ಬೇಯಿಸುವ ಇಂಧನ, ಅದರಲ್ಲೇ ಸುಲಿಯುವ ಕೂಲಿ. ಪೇಟೆಯಲ್ಲಿ ದರ ಏರಿದಾಗ ಆ ವ್ಯತ್ಯಾಸ ಯಾರ ಜೇಬಿನಿಂದ ಹೋಗುತ್ತದೆ ಎಂದು ಹೆಡ್‌ಮಾಸ್ತರರನ್ನು ಕೇಳಿ. ಮಗುವಿಗೆ ಮೊಟ್ಟೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಮೇಲಿನವರಿಗೆ ಹಣ ಸಾಲದು ಎನ್ನಲು ಧೈರ್ಯ ಬರುವುದಿಲ್ಲ. ಕಡೆಗೆ ತಿಂಗಳ ಕೊನೆಯಲ್ಲಿ ಮನೆಯಲ್ಲಿ ಉತ್ತರ ಹೇಳಬೇಕು. ಅತಿಥಿ ಶಿಕ್ಷಕರಾದರೆ ಗೌರವಧನವೇ ತಡವಾಗಿ ಬರುತ್ತದೆ, ಮುಂದಿನ ಜೂನ್‌ನಲ್ಲಿ ಕೆಲಸ ಇದೆಯೋ ಇಲ್ಲವೋ ತಿಳಿಯದು. ಆ ಅಭದ್ರತೆ ಹೊತ್ತುಕೊಂಡು ಬಂದವರಿಗೆ ನಾವು ಸಕಾರಾತ್ಮಕ ಚಿಂತನೆಯ ತರಬೇತಿ ಕೊಡುತ್ತೇವೆ.

2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಿಮ್ಮೆಲ್ಲರ ನೆನಪಿನಲ್ಲಿದೆ. ಗಣತಿದಾರರಲ್ಲಿ ಹೆಚ್ಚಿನವರು ಶಿಕ್ಷಕರು. ದಸರಾ ರಜೆ ಅದರಲ್ಲಿ ಹೋಯಿತು, ಸಾಲದೆ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ವಿಸ್ತರಿಸಿದರು. ಮೀಟರ್ ಬೋರ್ಡಿನ ಹತ್ತಿರ ಅಂಟಿಸಿದ ಚೀಟಿ ಹುಡುಕಿಕೊಂಡು, ನೆಟ್‌ವರ್ಕ್ ಸಿಗುವ ಮಾಳಿಗೆ ಹತ್ತಿ, ಮನೆಮನೆಗೆ 60 ಪ್ರಶ್ನೆ ಕೇಳಿದರು. ಸಮೀಕ್ಷೆ ಬೇಕಿತ್ತೋ ಬೇಡವಾಗಿತ್ತೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ, ಅದಕ್ಕೆ ಬೇರೆ ವೇದಿಕೆಗಳಿವೆ. 60 ಪ್ರಶ್ನೆ ಕೇಳಿ ಬಂದ ಆ ಮೇಡಂಗೆ ಒಂದು ಪ್ರಶ್ನೆಯನ್ನಾದರೂ ಯಾರು ಕೇಳಿದರು? ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆ ಮೂರಕ್ಕೆ ಸೇರದ ಎಷ್ಟು ಕೆಲಸಗಳು ವಾಟ್ಸಾಪ್ ಗುಂಪಿನಲ್ಲಿ 'ಅತಿ ಜರೂರು' ಎಂದು ಬರುತ್ತವೆ ಎಂದು ಇಲ್ಲಿ ಯಾರೂ ಲೆಕ್ಕವಿಟ್ಟಿಲ್ಲ.

ಆ ಲೆಕ್ಕ ಇಡಿ ಎಂಬುದು ನನ್ನ ಸಲಹೆ. ಶಿಕ್ಷಕರ ನೆಮ್ಮದಿ ಅಳೆಯಲು 'ನಿಮಗೆ ಒತ್ತಡ ಇದೆಯೇ, ಸ್ವಲ್ಪ, ಬಹಳ' ಎಂದು ಕೇಳುವುದರಿಂದ ಉಪಯೋಗ ಕಡಿಮೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ, ಹೆಸರಿಲ್ಲದ ಚೀಟಿಯಲ್ಲಿ, ಎಣಿಸಲು ಬರುವಂಥದ್ದನ್ನು ಕೇಳಿ. ಈ ತಿಂಗಳು ಬೇರೆ ಕೆಲಸಕ್ಕಾಗಿ ತರಗತಿ ಬಿಟ್ಟ ಪೀರಿಯಡ್ ಎಷ್ಟು? ಕೈಯಿಂದ ಹಾಕಿದ ಹಣ ಎಷ್ಟು? ಶಾಲೆ ಬಿಟ್ಟ ಮೇಲೆ ಬಂದ, ಅವತ್ತೇ ಮಾಹಿತಿ ಕೊಡಿ ಎಂಬ ಸಂದೇಶ ಎಷ್ಟು? ಇಷ್ಟನ್ನು ಕೂಡಿಸಿ ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒ ಅವರ ಮೇಜಿನ ಮೇಲಿಟ್ಟರೆ, ಅವರು ಕೊನೆಯ ಪಕ್ಷ ಮೂರನೆಯದನ್ನು ನಾಳೆಯೇ ನಿಲ್ಲಿಸಬಹುದು. ಎರಡನೆಯದನ್ನು ಅಕ್ಷರ ದಾಸೋಹದ ಅಧಿಕಾರಿಗಳಿಗೆ ಲಿಖಿತವಾಗಿ ಒಯ್ಯಬಹುದು. ಮೊದಲನೆಯದು ಬೆಂಗಳೂರಿಗೆ ಹೋಗಬೇಕಾದ ಮಾತು, ಹೋಗಲಿ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಹೋದರೆ ನನ್ನ ಮಾತು ಅರ್ಧವಾಗುತ್ತದೆ. ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಒಂದು ಮಾತು ಹೇಳಿದ. ಯಾವುದೇ ಅಂಕಿಯ ಮೇಲೆ ಬಹುಮಾನ, ಶಿಕ್ಷೆ, ಪದವಿ ನಿಂತಿತೆಂದರೆ ಆ ಅಂಕಿ ಕೆಡಲು ಶುರುವಾಗುತ್ತದೆ, ಅದರ ಜೊತೆ ಆ ಕೆಲಸವೂ ಕೆಡುತ್ತದೆ ಎಂಬುದು ಅದರ ತಾತ್ಪರ್ಯ. ನಮಗೆ ಇದಕ್ಕೆ ಅಮೆರಿಕ ಬೇಕಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿ ಕೊಟ್ಟ ಮೇಲೂ, ಶೇ. 73.40. ಒಂದು ವರ್ಷದಲ್ಲಿ ರಾಜ್ಯದ ಮಕ್ಕಳು ದಡ್ಡರಾಗಲಿಲ್ಲ. ಜಿಲ್ಲೆಗೆ ಎಷ್ಟನೇ ಸ್ಥಾನ, ತಾಲ್ಲೂಕಿಗೆ ಎಷ್ಟನೇ ಸ್ಥಾನ ಎಂಬ ಓಟದಲ್ಲಿ ಹಿಂದಿನ ಅಂಕಿಗಳಿಗೆ ಏನಾಗಿತ್ತು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾಳೆ 'ಸಂತೋಷದಲ್ಲಿ ವಿಜಯನಗರ ಜಿಲ್ಲೆಗೆ ಐದನೇ ಸ್ಥಾನ' ಎಂದು ಪತ್ರಿಕೆಯಲ್ಲಿ ಬಂತೆಂದರೆ, ಮರುದಿನವೇ 'ಮಕ್ಕಳು ಕಡ್ಡಾಯವಾಗಿ ನಗುಮುಖದಿಂದ ಇರತಕ್ಕದ್ದು' ಎಂಬ ಸುತ್ತೋಲೆ ಹೊರಡುತ್ತದೆ. ಆದ್ದರಿಂದ ನೆಮ್ಮದಿಯ ಲೆಕ್ಕಕ್ಕೆ ರ‍್ಯಾಂಕು ಬೇಡ. ಶಾಲೆ ಶಾಲೆಗೆ ಹೋಲಿಕೆ ಬೇಡ. ಹೋದ ತಿಂಗಳ ಇದೇ ಶಾಲೆಯ ಜೊತೆ ಹೋಲಿಸಿ ನೋಡಿಕೊಂಡರೆ ಸಾಕು.

ದೆಹಲಿ ಸರ್ಕಾರ 2018ರ ಜುಲೈನಲ್ಲಿ ಶಾಲೆಗಳಲ್ಲಿ ಹ್ಯಾಪಿನೆಸ್ ಪಠ್ಯಕ್ರಮ ಆರಂಭಿಸಿದಾಗ ಅದಕ್ಕೆ ಪರೀಕ್ಷೆ, ಅಂಕ ಇಡದೆ ಬಿಟ್ಟದ್ದು ಇದೇ ಕಾರಣಕ್ಕೆ ಜಾಣತನ. ಆಮೇಲೆ ಅದರ ಪರಿಣಾಮ ತಿಳಿಯುವ ಸಾಧನಗಳನ್ನು ರೂಪಿಸುವಾಗ ಬ್ರೂಕಿಂಗ್ಸ್ ಸಂಸ್ಥೆಯ ಜೊತೆ ಕೆಲಸ ಮಾಡಿದ್ದು ಬೆಂಗಳೂರಿನ ಡ್ರೀಮ್ ಎ ಡ್ರೀಮ್ ಎಂಬ ಸಂಸ್ಥೆ. ವಿದ್ಯಾರ್ಥಿಗಳಿಗೆ ಒಂದು ಅಳತೆ, ಶಿಕ್ಷಕರಿಗೆ ಒಂದು ಅಳತೆ ಎಂದು ಎರಡನ್ನೂ ಒಟ್ಟಿಗೆ ಯೋಚಿಸಿದರು. ಇದೇ ಡ್ರೀಮ್ ಎ ಡ್ರೀಮ್ 2014ರಲ್ಲಿ ಪ್ರಕಟಿಸಿದ ಜೀವನ ಕೌಶಲದ ಅಳತೆಗೋಲಿನಲ್ಲಿ ಮಗುವನ್ನು ಪ್ರಶ್ನೆ ಕೇಳುವುದೇ ಇಲ್ಲ. ಇತರರ ಜೊತೆ ಬೆರೆಯುವುದು, ಕಷ್ಟ ಬಂದಾಗ ದಾರಿ ಹುಡುಕುವುದು, ತಾನಾಗಿ ಮುಂದೆ ಬರುವುದು, ಜಗಳ ನಿಭಾಯಿಸುವುದು, ಹೇಳಿದ್ದನ್ನು ಅರ್ಥ ಮಾಡಿಕೊಂಡು ನಡೆಯುವುದು ಎಂಬ ಐದನ್ನು ಜೊತೆಗಿರುವ ದೊಡ್ಡವರು ಗಮನಿಸಿ ಗುರುತು ಹಾಕುತ್ತಾರೆ. ನಮ್ಮ ಹಳೆಯ ಮಾಸ್ತರರು ಇದನ್ನು ಹಾಳೆ ಇಲ್ಲದೆ ಮಾಡುತ್ತಿದ್ದರು ಎಂದು ನೀವು ಹೇಳಬಹುದು. ಮಾಡುತ್ತಿದ್ದರು, ಮುಂದಿನ ಬೆಂಚಿನ ಮಕ್ಕಳಿಗೆ. ಹಾಳೆ ಇದ್ದರೆ ಹಿಂದಿನ ಬೆಂಚಿನ ಹೆಸರೂ ಕಣ್ಣಿಗೆ ಬೀಳುತ್ತದೆ.

ಕೆಳಗಿನ ತರಗತಿಗಳಿಗೆ ನಲಿ-ಕಲಿಯ ಕೊಠಡಿಯಲ್ಲೇ ಸಾಧನ ಇದೆ. ಮಕ್ಕಳು ಬಂದ ಕೂಡಲೇ ಹವಾಮಾನದ ಚಾರ್ಟಿನಲ್ಲಿ ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ತಾವೇ ಗುರುತು ಮಾಡುತ್ತಾರೆ. ಅದರ ಪಕ್ಕ ಇನ್ನೊಂದು ಚಾರ್ಟು ತೂಗುಹಾಕಿ, ತನ್ನದು ಇವತ್ತು ಬಿಸಿಲೋ ಮೋಡವೋ ಎಂದು ಇಷ್ಟವಿದ್ದ ಮಗು ಗುರುತು ಮಾಡಲಿ. ಒಂದು ದಿನದ ಮೋಡಕ್ಕೆ ಗಾಬರಿ ಬೇಡ. ವಾರಗಟ್ಟಲೆ ಮೋಡ ಹಾಕಿದ ಮಗುವಿನ ಪಕ್ಕ ಬಿಸಿಯೂಟಕ್ಕೆ ಕೂತುಕೊಳ್ಳಿ.

ಕೂತ ಮೇಲೆ ಕೇಳಿದ್ದು ನಿಮ್ಮ ಕೈಮೀರಿದ್ದಾದರೆ? ಮನೆಯಲ್ಲಿ ಹೊಡೆತ, ಮದುವೆ ನಿಶ್ಚಯ, ಸಾಯುವ ಮಾತು. ಅದಕ್ಕೂ ದಾರಿಗಳಿವೆ, ಆದರೆ ಅವು ಹೆಡ್‌ಮಾಸ್ತರರ ಕೋಣೆಯ ಗೋಡೆಯ ಮೇಲೆ ಮೊದಲೇ ಬರೆದಿರಬೇಕು. ಮಕ್ಕಳ ಸಹಾಯವಾಣಿ 1098. ಟೆಲಿ-ಮನಸ್ 14416, ಇದು 2022ರ ಅಕ್ಟೋಬರ್ 10ರಂದು ಶುರುವಾದದ್ದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಗೆ ಮನೋಚೈತನ್ಯ ಎಂದು ಹೆಸರು. ವೈದ್ಯರು ಬರುತ್ತಾರೋ ಇಲ್ಲವೋ ಎಂದು ಶಾಲಾಭಿವೃದ್ಧಿ ಸಮಿತಿಯವರು, ಅಂದರೆ ಎಸ್‌ಡಿಎಂಸಿಯವರು ಒಂದು ಮಂಗಳವಾರ ಹಡಗಲಿಗೆ ಹೋಗಿ ನೋಡಿ ಬನ್ನಿ. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಕೊಟ್ಟ ತೀರ್ಪಿನಲ್ಲಿ 100 ಮತ್ತು ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗೆ ಒಬ್ಬರಾದರೂ ಆಪ್ತಸಮಾಲೋಚಕರು ಬೇಕು, ಕಡಿಮೆ ಇರುವ ಕಡೆ ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇರಬೇಕು ಎಂದು ಹೇಳಿದೆ. ತಾಂಡಾದ ನಲವತ್ತು ಮಕ್ಕಳ ಶಾಲೆಗೆ ಎರಡನೆಯದು ಅನ್ವಯಿಸುತ್ತದೆ. ಆ ಸಂಪರ್ಕ ಯಾರ ಜೊತೆ, ಅವರ ಫೋನ್ ನಂಬರು ಏನು ಎಂದು ಕೇಳುವ ಹಕ್ಕು ಈಗ ಪೋಷಕರಿಗಿದೆ.

ಎಲ್ಲದಕ್ಕೂ ತಜ್ಞರೇ ಬೇಕೆಂದು ಕಾಯುತ್ತ ಕೂರಬೇಕಿಲ್ಲ. ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ಜೀವನ ಕೌಶಲ ಶಿಕ್ಷಣವನ್ನು ಶಾಲೆಯ ಶಿಕ್ಷಕರೇ ತರಬೇತಿ ಪಡೆದು ನಡೆಸಿದ ಕಡೆಯ 605 ಹದಿಹರೆಯದವರನ್ನು, ಆ ಕಾರ್ಯಕ್ರಮ ಇಲ್ಲದ ಶಾಲೆಗಳ 423 ಮಕ್ಕಳ ಜೊತೆ ಒಂದು ವರ್ಷದ ನಂತರ ಹೋಲಿಸಿದರು. ಕಾರ್ಯಕ್ರಮ ಇದ್ದ ಮಕ್ಕಳಲ್ಲಿ ಆತ್ಮಗೌರವ, ಕಷ್ಟ ಎದುರಿಸುವ ನಂಬಿಕೆ, ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿತ್ತು. ಅದನ್ನು ನಡೆಸಿದವರು ನಿಮ್ಮಂಥ ಮಾಸ್ತರರು, ಮೇಡಂಗಳು. ಬಳ್ಳಾರಿಯಲ್ಲಿ ಆರೋಗ್ಯ ಸಹಾಯಕರಿಗೆ ಕಲಿಸಿದ ಹಾಗೆಯೇ ಇದೂ. ಅದಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡು, ಆ ಪೀರಿಯಡ್ಡಿಗೆ ಮಾಹಿತಿ ಕೇಳುವ ಫೋನ್ ಬರದಿರುವುದು.

ಕೊನೆಯದಾಗಿ ಒಂದು ಚಿಕ್ಕ, ಆದರೆ ಜಗಳ ಹುಟ್ಟಿಸುವ ವಿಷಯ. ಇಷ್ಟೆಲ್ಲ ಬರೆದ ಹಾಳೆಗಳು ಎಲ್ಲಿರಬೇಕು? ಮಕ್ಕಳ ಮನಸ್ಸಿನ ಮಾಹಿತಿಯನ್ನು ಆ್ಯಪ್‌ಗೆ ಏರಿಸಿ ಎಂದು ಯಾರಾದರೂ ಹೇಳಿದರೆ ಮೊದಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡಿ. ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತು ಅದರಲ್ಲಿದೆ. ನನ್ನ ಅಭಿಪ್ರಾಯ ಇನ್ನೂ ಕಟ್ಟುನಿಟ್ಟು. ನಕ್ಷೆಯ ಹಾಳೆಗಳು ತರಗತಿ ಶಿಕ್ಷಕರ ಬೀರುವಿನಲ್ಲಿ ಇರಲಿ, ಬೀಗ ಅವರ ಹತ್ತಿರವೇ ಇರಲಿ. ವರ್ಷದ ಕೊನೆಗೆ ಅವನ್ನು ಹರಿದು ಹಾಕಿ. ಟಿಸಿಯ ಜೊತೆ ಮುಂದಿನ ಶಾಲೆಗೆ ಹೋಗುವುದು ಜನ್ಮದಿನಾಂಕ ಮತ್ತು ಅಂಕ ಮಾತ್ರ. ಏಳನೇ ತರಗತಿಯಲ್ಲಿ ಕೆಂಪು ಹಚ್ಚಿದ ಹುಡುಗ ಎಂಬ ಗುರುತು ಅವನ ಹಿಂದೆ ಹೈಸ್ಕೂಲಿಗೆ ಹೋಗಬಾರದು. ಇದಕ್ಕೆ ಒಪ್ಪದವರು ಈ ಸಭೆಯಲ್ಲಿ ಇದ್ದಾರೆ ಎಂದು ಬಲ್ಲೆ. ದಾಖಲೆ ಇಲ್ಲದಿದ್ದರೆ ತಪಾಸಣೆಗೆ ಬಂದವರಿಗೆ ಏನು ತೋರಿಸುವುದು ಎಂದು ಊಟದ ಹೊತ್ತಿಗೇ ಒಬ್ಬ ಹೆಡ್‌ಮಾಸ್ತರರು ನನ್ನನ್ನು ಕೇಳಿದರು. ಶೌಚಾಲಯದ ಬಾಗಿಲಿನ ಚಿಲಕ ತೋರಿಸಿ ಎಂದೆ. ಅವರಿಗೆ ಆ ಉತ್ತರ ಸಾಕಾಗಲಿಲ್ಲ. ಈಗ ಪ್ರಶ್ನೋತ್ತರಕ್ಕೆ ಸಮಯವಿದೆಯಂತೆ, ಅಲ್ಲಿಂದಲೇ ಶುರು ಮಾಡೋಣ.